ನಲವತ್ತು ಇಂಚಿನ ಎತ್ತರ

ಬೆಳಗಿನ ಆರೂವರೆಗೆ ಶಾಲೆಯ ಹಿಂಬಾಗಿಲಲ್ಲಿ ಟ್ರಕ್ಕು ನಿಲ್ಲಿಸಿದ ಮೇಲೆ ಅಡುಗೆಯವಳು ಆರ್ಡಿಸ್ ಟೋಲ್ಮನ್ ಮಾಡುತ್ತಿದ್ದ ಮೊದಲ ಕೆಲಸ ಕೋಟಿನ ಜೇಬುಗಳನ್ನು ಹೊರಗೆಳೆದು ಕೊಡವುವುದು. ಗಾಳಿ ಎಂಥದ್ದೇ ಇರಲಿ, ಹಿಮ ಮೊಣಕಾಲು ಮುಟ್ಟಿರಲಿ, ನಾಲ್ಕು ಜೇಬುಗಳೂ ಬಾಯಾರಿದ ಹಸುವಿನ ನಾಲಿಗೆಯಂತೆ ಹೊರಗೆ ಜೋತುಬೀಳಬೇಕು. ಒಳಗಿದ್ದ ಬೇಲಿ ತಂತಿಯ ತುಂಡು, ಕೆಮ್ಮಿನ ಗುಳಿಗೆ, ಕುದುರೆಗೆಂದು ಇಟ್ಟುಕೊಂಡ ಸಕ್ಕರೆ ಅಚ್ಚು, ಒಂದೆರಡು ತೋಟಾಗಳು, ಎಲ್ಲವೂ ಟ್ರಕ್ಕಿನ ಮೂತಿಯ ಮೇಲೆ ಸಾಲಾಗಿ ಬಂದು ಕೂರಬೇಕು. ತೋಟಾಗಳು ಟ್ರಕ್ಕಿನೊಳಗಿನ ಬೀಗದ ಪೆಟ್ಟಿಗೆಗೆ ಹೋದ ಮೇಲೆಯೇ ಉಳಿದವು ಜೇಬಿಗೆ ಮರಳಬೇಕು. ಆ ಕಂದುಬಣ್ಣದ ದಪ್ಪ ಕೋಟು ತೀರಿಕೊಂಡ ಗಂಡ ಮರ್ಲ್‌ನದು. ತೋಳುಗಳು ಆಕೆಯ ಬೆರಳ ತುದಿಯನ್ನೂ ದಾಟಿ ಇಳಿಯುತ್ತಿದ್ದವು. ದನಗಳಿಗೆ ಮುದ್ರೆಯೊತ್ತುವ ದಿನ ಕೆಂಡ ಹಾರಿ ಸುಟ್ಟ ಎರಡು ತೂತು ಬೆನ್ನ ಮೇಲೆ ಹಾಗೇ ಇದ್ದವು.

ಈ ಅಭ್ಯಾಸದ ಮೂಲದಲ್ಲಿ ಒಂದು ತಪ್ಪಿತ್ತು, ಅಮೆರಿಕದ ನಮ್ಮ ವಯೋಮಿಂಗ್ ರಾಜ್ಯದ ದನಗಾಹಿ ಊರುಗಳಲ್ಲಿ ಮಾತ್ರ ಸಾಧ್ಯವಾಗುವಂಥ ತಪ್ಪು. ಹತ್ತೊಂಬತ್ತು ವರ್ಷಗಳ ಹಿಂದೆ, ಅಡುಗೆಮನೆಯ ಮೊಳೆಗೆ ನೇತುಹಾಕಿದ್ದ ಕೋಟಿಗೆ ಶಿಶುವಿಹಾರದ ಹುಡುಗನೊಬ್ಬ ಮಿಠಾಯಿಯಾಸೆಗೆ ಕೈಹಾಕಿ, ಸಣ್ಣದೊಂದು ತೋಟಾವನ್ನು ಹಿಡಿದುಕೊಂಡು ಬಂದು, "ಇದರ ಕಾಗದ ಬಿಚ್ಚಿಕೊಡು" ಎಂದಿದ್ದ. ಯಾರೂ ನೋಡಿರಲಿಲ್ಲ. ಆರ್ಡಿಸ್ ತಾನೇ ಮುಖ್ಯೋಪಾಧ್ಯಾಯರ ಕೋಣೆಗೆ ನಡೆದು, ಮೇಜಿನ ಮೇಲೆ ಆ ತೋಟಾವನ್ನಿಟ್ಟು, "ಬರ್ಕೊಳ್ಳಿ, ಆರ್ಡಿಸ್ ಟೋಲ್ಮನ್ ಬೇಜವಾಬ್ದಾರಿ ಮಾಡಿದಳು ಅಂತ" ಎಂದಳು. ಆ ಮನುಷ್ಯ ನಕ್ಕುಬಿಟ್ಟ. "ನಮ್ಮ ಆಲ್ಕಲಿ ಫೋರ್ಕ್ ಊರಲ್ಲಿ ಜೇಬಲ್ಲಿ ತೋಟಾ ಇಲ್ಲದ ಕೋಟು ಯಾವುದಿದೆ ಮಾರಾಯ್ತಿ?"

"ನಾಳೆಯಿಂದ ಒಂದಿರುತ್ತೆ" ಎಂದು ಆಕೆ ಹೊರಟುಬಂದಳು.

ಬಂದೂಕನ್ನು ಕಂಡರಾಗದ ಹೆಂಗಸು ಎಂದು ಇದರಿಂದ ಯಾರಾದರೂ ಊಹಿಸಿದರೆ ಅವರು ಆರ್ಡಿಸಳ ಮನೆಯ ಫ್ರೀಜರಿನ ಮುಚ್ಚಳ ತೆಗೆದು ನೋಡಿದವರಲ್ಲ. ಪ್ರತಿ ಶರತ್ಕಾಲದಲ್ಲೂ ಒಂದು ಎಲ್ಕ್ ಎಂಬ ದೊಡ್ಡ ಕಡವೆ, ಒಂದು ಜಿಂಕೆ, ಒಂದೊಂದೇ ಗುಂಡಿನಲ್ಲಿ. ಎರಡನೆಯ ಗುಂಡು ಹಾರಿಸಬೇಕಾಗಿ ಬಂದರೆ ಆಕೆ ವಾರಗಟ್ಟಲೆ ಮುಖ ಗಂಟುಹಾಕಿಕೊಂಡಿರುತ್ತಿದ್ದಳು. ಇಪ್ಪತ್ತೇಳು ವರ್ಷ ಪ್ರತಿ ಶನಿವಾರ ಊರ ಮಕ್ಕಳಿಗೆ ಬೇಟೆಯ ಸುರಕ್ಷತೆಯ ಪಾಠ ಹೇಳಿದವಳು ಆಕೆಯೇ. ಆ ಪಾಠದ ಕೊನೆಯ ಪರೀಕ್ಷೆ ಗುರಿಯದಲ್ಲ, ಬೇಲಿಯದು. ಮುಳ್ಳುತಂತಿಯ ಬೇಲಿಯ ಮುಂದೆ ನಿಲ್ಲಬೇಕು, ಬಂದೂಕಿನ ತೋಟಾ ತೆಗೆಯಬೇಕು, ಬಂದೂಕನ್ನು ಬೇಲಿಯಾಚೆ ನೆಲದ ಮೇಲೆ ಮಲಗಿಸಬೇಕು, ಬೇರೆ ಕಡೆಯಿಂದ ದಾಟಬೇಕು, ಆಮೇಲೆ ಎತ್ತಿಕೊಳ್ಳಬೇಕು. ಆತುರದಲ್ಲಿ ತೋಟಾ ತೆಗೆಯದೆ ದಾಟಿದವನು ಎಷ್ಟೇ ಚೆನ್ನಾಗಿ ಹೊಡೆದರೂ ಆ ವರ್ಷ ಫೇಲು. ಈಗ ನಮ್ಮ ಶಾಲಾ ಜಿಲ್ಲೆಯ ಮೇಲಧಿಕಾರಿಯಾಗಿರುವ ಟ್ರಾಯ್ ಪ್ರೂಯಿಟ್ ಹನ್ನೆರಡನೆಯ ವಯಸ್ಸಿನಲ್ಲಿ ಒಮ್ಮೆ, ಹದಿಮೂರನೆಯ ವಯಸ್ಸಿನಲ್ಲಿ ಇನ್ನೊಮ್ಮೆ ಹೀಗೆ ಫೇಲಾಗಿದ್ದ.

ಮೂವತ್ತರಲ್ಲಿ ಕುದುರೆಯೊಂದು ಕೆಡವಿ ಸೊಂಟದ ಮೂಳೆ ಮುರಿದ ಮೇಲೆ ಆರ್ಡಿಸಳ ನಡಿಗೆ ಒಂದು ಕಡೆಗೆ ವಾಲಿಕೊಂಡಿತ್ತು. ಕಾಣದ ತುಂಬಿದ ಬಕೆಟ್ಟೊಂದನ್ನು ಬಲಗೈಯಲ್ಲಿ ಹೊತ್ತು, ಒಂದು ಹನಿಯೂ ಚೆಲ್ಲದಂತೆ ಸಾಗುವವಳ ನಡಿಗೆ ಅದು. ಎತ್ತರದ ಹೆಂಗಸು. ಮಾತು ಕಡಿಮೆ. ಭಿನ್ನಾಭಿಪ್ರಾಯವಿದ್ದಾಗ ಮಾತ್ರ "ಒಂದು ಮಾತು ಕೇಳ್ತೀನಿ" ಎಂದು ಶುರುಮಾಡುತ್ತಿದ್ದಳು. ಆಮೇಲೆ ಬರುತ್ತಿದ್ದುದು ಪ್ರಶ್ನೆಯಲ್ಲ, ತೀರ್ಪು. ಆ ಮೂರು ಶಬ್ದ ಕಿವಿಗೆ ಬಿದ್ದರೆ ತರಕಾರಿ ಪೂರೈಸುವವನಿಂದ ಹಿಡಿದು ಆರೋಗ್ಯ ತಪಾಸಣೆಗೆ ಬರುವವನ ತನಕ ಎಲ್ಲರೂ ಬೆನ್ನು ನೆಟ್ಟಗೆ ಮಾಡಿಕೊಳ್ಳುತ್ತಿದ್ದರು.

ಶಿಶುವಿಹಾರದಿಂದ ಹನ್ನೆರಡನೆಯ ತರಗತಿಯವರೆಗೆ ಒಂದೇ ಕಟ್ಟಡದಲ್ಲಿ ಎಪ್ಪತ್ತನಾಲ್ಕು ಮಕ್ಕಳಿರುವ ನಮ್ಮ ಶಾಲೆಯಲ್ಲಿ ಮಧ್ಯಾಹ್ನದ ಊಟಕ್ಕೊಂದು ಪದ್ಧತಿ ತಾನಾಗಿ ಬೆಳೆದಿತ್ತು. ತಟ್ಟೆಯನ್ನು ತೊಳೆಯುವ ಕಿಟಕಿಯಲ್ಲಿಟ್ಟು ಹೊರಗೆ ಓಡುವ ಮೊದಲು ಚಿಕ್ಕ ಮಕ್ಕಳು ಆರ್ಡಿಸಳ ಬಳಿ ಒಂದು ಕ್ಷಣ ನಿಂತು, ಆಕೆಯ ಸೊಂಟವನ್ನು ತಬ್ಬಿ, ಮುಖವನ್ನು ಏಪ್ರನ್ನಿಗೆ ಒತ್ತಿ ಹೋಗುತ್ತಿದ್ದವು. ಯಾರು ಶುರುಮಾಡಿದರೋ ಯಾರಿಗೂ ನೆನಪಿಲ್ಲ. ಆಕೆ ಬಗ್ಗಿ ನೋಡುತ್ತಲೂ ಇರಲಿಲ್ಲ. ಒಂದು ಕೈಯಲ್ಲಿ ಸೌಟು ಆಡುತ್ತಲೇ ಇರುತ್ತಿತ್ತು, ಇನ್ನೊಂದು ಕೈ ತಲೆಯಿಂದ ತಲೆಗೆ ಇಳಿಯುತ್ತಿತ್ತು. ಅದೇ ಶಾಲೆಯಲ್ಲಿ ಪಾಠ ಹೇಳುವ ನಾನು ಒಮ್ಮೆ ಮೆಚ್ಚಿ ಏನೋ ಹೇಳಿದ್ದಕ್ಕೆ, "ಪ್ರೀತಿನೂ ಇಲ್ಲ, ಏನೂ ಇಲ್ಲ. ಬಾಯಿ ಒರೆಸ್ಕೊಳ್ಳೋಕೆ ಬರ್ತಾವೆ ಕಳ್ಳಮುಂಡೇವು" ಎಂದು ಏಪ್ರನ್ನಿನ ಮೇಲಿನ ಟೊಮೇಟೊ ಕಲೆಗಳನ್ನು ಎತ್ತಿ ತೋರಿಸಿದ್ದಳು.

ಕಳೆದ ಜನವರಿಯಲ್ಲಿ ರಾಜ್ಯದ ಶಾಸನಸಭೆಗೆ ಒಂದು ಮಸೂದೆ ಬಂತು. ಶಾಲೆಯ ಸಿಬ್ಬಂದಿಯಲ್ಲಿ ಇಷ್ಟವಿದ್ದವರು ಇಪ್ಪತ್ತನಾಲ್ಕು ಗಂಟೆಗಳ ತರಬೇತಿ ಪಡೆದು, ಕೆಲಸದ ವೇಳೆಯಲ್ಲಿ ಬಟ್ಟೆಯೊಳಗೆ ಪಿಸ್ತೂಲು ಇಟ್ಟುಕೊಳ್ಳಬಹುದು. ಯಾರ ಬಳಿ ಇದೆ ಎಂಬುದನ್ನು ತಂದೆತಾಯಿಗಳಿಗೂ ತಿಳಿಸುವಂತಿಲ್ಲ. ಕಾನೂನಾಗುವ ಮೊದಲೇ ತಯಾರಿರಬೇಕೆಂದು ನಮ್ಮ ಶಾಲಾ ಮಂಡಳಿ ಪಟ್ಟಿ ಮಾಡಲು ಹೊರಟಿತು, ಟ್ರಾಯ್ ಅಡುಗೆಮನೆಗೆ ಬಂದ.

"ಆರ್ಡಿಸ್, ಮೊದಲನೇ ಹೆಸರು ನಿಮ್ಮದೇ ಅಂತ ಬೋರ್ಡಿಗೆ ಹೇಳಿಬಿಟ್ಟಿದ್ದೀನಿ."

"ಹೇಳಿದ್ದನ್ನ ವಾಪಸ್ ತಗೊಂಡುಬಿಡಪ್ಪ."

"ನಿಮಗಿಂತ ಚೆನ್ನಾಗಿ ಹೊಡೆಯೋರು ಈ ಕೌಂಟೀಲೇ ಇಲ್ಲ."

"ಅದಕ್ಕೇ ಬೇಡ ಅಂತಿರೋದು."

ತಮಾಷೆಯೆಂದುಕೊಂಡು ಟ್ರಾಯ್ ನಕ್ಕ. "ಇಪ್ಪತ್ನಾಲ್ಕು ಗಂಟೆ ತರಬೇತಿ ಅಷ್ಟೇ. ನಿಮಗಂತೂ ಅದೂ ಬೇಕಾಗಿಲ್ಲ."

"ಒಂದು ಮಾತು ಕೇಳ್ತೀನಿ. ಒಂದು ಬೇಲಿ ದಾಟೋದು ಕಲಿಯೋಕೆ ನಿನಗೆ ಎರಡು ವರ್ಷ ಹಿಡೀತು."

ಅವನ ಮುಖ ಕೆಂಪಾಯಿತು. ಆದರೆ ಟ್ರಾಯ್‌ನನ್ನು ನಾನು ಹಗುರಾಗಿ ಬರೆಯಲಾರೆ. ಎರಡು ವರ್ಷಗಳ ಹಿಂದೆ, ಮಕ್ಕಳ ಪಾಲನೆಯ ಮೊಕದ್ದಮೆಯಲ್ಲಿ ಸೋತ ತಂದೆಯೊಬ್ಬ ರೈಫಲ್ ಹಿಡಿದು ಶಾಲೆಯ ಅಂಗಳಕ್ಕೆ ಬಂದು, ತನ್ನ ಮಗಳನ್ನು ಹೊರಗೆ ಕಳಿಸಿ ಎಂದು ಕೂಗುತ್ತ ನಿಂತಿದ್ದ. ಕೌಂಟಿಯ ಪೊಲೀಸ್ ಮುಖ್ಯಸ್ಥ ಷರೀಫನ ಗಾಡಿ ಬರಲು ಐವತ್ತೆರಡು ನಿಮಿಷ ಹಿಡಿಯಿತು. ಅಷ್ಟು ಹೊತ್ತೂ ಮುಂಬಾಗಿಲ ಗಾಜಿನ ಹಿಂದೆ ಟ್ರಾಯ್ ಒಬ್ಬನೇ, ಬೆಂಕಿ ನಂದಿಸುವ ಕೆಂಪು ಸಿಲಿಂಡರನ್ನು ಎದೆಗವಚಿಕೊಂಡು ನಿಂತಿದ್ದ. ಆ ತಂದೆ ಕೊನೆಗೆ ಕುಸಿದು ಕೂತು ಅತ್ತ, ಗುಂಡು ಹಾರಲಿಲ್ಲ.

"ಐವತ್ತೆರಡು ನಿಮಿಷ" ಎಂದ ಅವನು ಈಗ, ತಗ್ಗಿದ ದನಿಯಲ್ಲಿ. "ನೀವೂ ಇದ್ರಿ ಅವತ್ತು."

"ಇದ್ದೆ. ಆ ಸಾಮಾನಿನ ಕೋಣೇಲಿ ಹತ್ತೊಂಬತ್ತು ಮಕ್ಕಳ ಜೊತೆ ಇದ್ದೆ. ನನ್ನ ರೈಫಲ್ಲು ಟ್ರಕ್ಕಲ್ಲಿ, ಮೂವತ್ತು ಹೆಜ್ಜೆ ಆಚೆ. ಐವತ್ತೆರಡು ನಿಮಿಷಾನೂ ಅದನ್ನೇ ನೆನೆಸ್ಕೊಂಡೆ ಅಂತ ಇಟ್ಕೊ."

"ಮತ್ತೆ?"

"ಇರೋ ಎರಡು ಕೈಯೇ ಸಾಲ್ತಿರಲಿಲ್ಲ ಕಣೋ. ಒಂದು ಬಾಯಿ ಮುಚ್ಚಿಸಿದ್ರೆ ಇನ್ನೊಂದು ಅಳೋಕೆ ಶುರು. ಯಾವ ಕೈಲಿ ಹಿಡೀಲಿ ಬಂದೂಕನ್ನ?"

ಟ್ರಾಯ್ ಹೊರಟುಹೋದ. ಬೇರೆ ಹೆಸರುಗಳು ಸಿಕ್ಕವು. ಇಷ್ಟಕ್ಕೇ ಮುಗಿದಿದ್ದರೆ ಆರ್ಡಿಸ್ ತನ್ನ ಸೌಟಿನ ಪಾಡಿಗೆ ಇರುತ್ತಿದ್ದಳು. ಆದರೆ ಫೆಬ್ರವರಿಯ ಮೊದಲ ವಾರ ಸಿಬ್ಬಂದಿಯ ಸಭೆಗೆ ತರಬೇತುದಾರನೊಬ್ಬ ಬಂದ. ನಿವೃತ್ತ ಪೊಲೀಸ್ ಅಧಿಕಾರಿ, ಸಜ್ಜನ, ನಯವಾದ ಮಾತು. ಎಲ್ಲರೂ ಸಹಿ ಹಾಕಬೇಕಾದ ಒಂದು ಕಾಗದವನ್ನು ಹಂಚಿದ. ಯಾರ ಬಳಿ ಪಿಸ್ತೂಲಿದೆ ಎಂದು ಹೇಳುವುದಿಲ್ಲ ಎಂಬುದು ಮೊದಲನೆಯ ಮಾತು. ಚಿಕ್ಕ ಮಕ್ಕಳು ತಮ್ಮ ಸೊಂಟವನ್ನು ತಬ್ಬಿಕೊಳ್ಳಲು ಬಿಡುವುದಿಲ್ಲ ಎಂಬುದು ಎರಡನೆಯದು. ಅವನೇ ಬಿಡಿಸಿ ಹೇಳಿದ: ಪಿಸ್ತೂಲಿರುವುದು ಸೊಂಟದಲ್ಲಿ, ತಬ್ಬಿದ ಮಗುವಿಗೆ ಗಟ್ಟಿಯಾಗಿ ತಗಲುತ್ತದೆ. ಇಟ್ಟುಕೊಂಡವರು ಮಾತ್ರ ಮಕ್ಕಳನ್ನು ತಡೆದರೆ ಎರಡೇ ದಿನದಲ್ಲಿ ಯಾರ ಬಳಿ ಇದೆಯೆಂದು ಮಕ್ಕಳಿಗೆ ಗೊತ್ತಾಗುತ್ತದೆ. ಆದ್ದರಿಂದ ಎಲ್ಲರೂ ತಡೆಯಬೇಕು. ಅಂಗೈಗೆ ಅಂಗೈ ತಟ್ಟಿ ಕಳಿಸಿದರೆ ಸಾಕು.

ಹಿಂದಿನ ಸಾಲಿನಿಂದ ದನಿ ಬಂತು. "ಒಂದು ಮಾತು ಕೇಳ್ತೀನಿ."

"ಕೇಳಿ ಮೇಡಂ."

"ಪಿಸ್ತೂಲು ಇಬ್ಬರೋ ಮೂವರೋ ಇಟ್ಕೊಳ್ಳೋದು. ಮಕ್ಕಳನ್ನ ದೂರ ತಳ್ಳೋದು ನಾವೆಲ್ಲರೂ."

"ತಳ್ಳೋದು ಅಂತಲ್ಲ ಮೇಡಂ..."

"ತಳ್ಳೋದೇ" ಎಂದಳು ಆರ್ಡಿಸ್. ಆಮೇಲೆ ಆ ಕಾಗದವನ್ನು ಮಡಚಿ, ಪಕ್ಕದ ಕುರ್ಚಿಯ ಮೇಲಿಟ್ಟು, ಬೇಯುತ್ತಿದ್ದ ಬೀನ್ಸ್ ನೋಡಲು ಹೊರಟುಹೋದಳು. ನಾವು ಉಳಿದವರೆಲ್ಲ ಸಹಿ ಹಾಕಿದೆವು. ನಾನೂ ಹಾಕಿದೆ. ಚರಿತ್ರೆ ಪಾಠ ಹೇಳುವವನು, ಮನೆತನದಲ್ಲೇ ಮೊದಲು ಪದವಿ ಕಂಡವನು, ಓದದೆ ಯಾವ ಕಾಗದಕ್ಕೂ ಸಹಿ ಹಾಕಬಾರದೆಂದು ಮಕ್ಕಳಿಗೆ ಹೇಳುವವನು, ಓದಿಯೇ ಹಾಕಿದೆ. ತಿಂಗಳ ಕೊನೆಯ ಶುಕ್ರವಾರದೊಳಗೆ ಸಹಿ ಮಾಡದವರಿಗೆ ಮುಂದಿನ ವರ್ಷದ ಕೆಲಸವಿಲ್ಲ ಎಂದು ಮಂಡಳಿ ತೀರ್ಮಾನಿಸಿತ್ತು. ಸಹಿ ಮಾಡದೆ ಉಳಿದವಳು ಒಬ್ಬಳೇ, ಇಪ್ಪತ್ತೊಂಬತ್ತು ವರ್ಷ ಆ ಒಲೆಯ ಮುಂದೆ ನಿಂತವಳು.

ಮರುದಿನ ಊಟದ ಬಿಡುವಿನಲ್ಲಿ ಆಕೆ ಬಡಗಿಯ ಅಳತೆಪಟ್ಟಿ ಹಿಡಿದು ಬಾಗಿಲ ಚೌಕಟ್ಟಿನ ಬಳಿ ನಿಂತಿದ್ದಳು. ಶಿಶುವಿಹಾರ, ಒಂದನೆಯ ತರಗತಿ ಸೇರಿ ಹನ್ನೊಂದು ಮಕ್ಕಳು. ಒಂದೊಂದನ್ನೇ ಚೌಕಟ್ಟಿಗೆ ಒರಗಿಸಿ, ಕಿವಿಯ ನೇರಕ್ಕೆ ಮಾಂಸ ಸುತ್ತುವ ಕಂದು ಕಾಗದದ ಉದ್ದ ಪಟ್ಟಿಯ ಮೇಲೆ ಗೆರೆ ಎಳೆಯುತ್ತಿದ್ದಳು.

"ಏನಕ್ಕೆ ಅಳೀತಿದೀಯ?" ಎಂದಳು ಟ್ಯಾಟಮ್ ಎಂಬ ಆರು ವರ್ಷದ ಹುಡುಗಿ, ಮುಂದಿನ ಹಲ್ಲುಗಳಿಲ್ಲದ ಬಾಯಲ್ಲಿ.

"ಕಿವಿ ಬೆಳೆದಿದೆಯಾ ಅಂತ."

"ಬೆಳೆದಿದೆಯಾ?"

"ಚೆನ್ನಾಗೇ ಬೆಳೆದಿದೆ. ಹೇಳಿದ್ದು ಮಾತ್ರ ಒಳಗೆ ಹೋಗಲ್ಲ. ನಡಿ, ಹಾಲು ಮುಗಿಸು."

ಮಸೂದೆಯ ಬಗ್ಗೆ ಜನರ ಮಾತು ಕೇಳಲು ಶಾಸಕರ ಸಮಿತಿ ರಾಜಧಾನಿ ಶಯೆನ್ನಿನಲ್ಲಿ ಕೂತ ದಿನ ಆರ್ಡಿಸ್ ಹದಿನೈದು ವರ್ಷದಲ್ಲಿ ಮೊದಲ ಬಾರಿಗೆ ರಜೆ ಹಾಕಿದಳು. ಹಿಮ ಹೆಪ್ಪುಗಟ್ಟಿದ ದಾರಿಯಲ್ಲಿ ನಾಲ್ಕು ಗಂಟೆಯ ಪ್ರಯಾಣ. ಗಾಡಿ ನಡೆಸುವ ನೆಪದಲ್ಲಿ ನಾನೂ ಹೋದೆ. ಆಕೆಯ ಸರದಿ ಬಂದಾಗ ಮಧ್ಯಾಹ್ನ ಮೂರಾಗಿತ್ತು. ಮರ್ಲ್‌ನ ಕೋಟಿನಲ್ಲೇ ವಾಲುತ್ತ ಹೋಗಿ ಮೈಕಿನ ಮುಂದೆ ನಿಂತಳು. ಕೂರಲಿಲ್ಲ.

"ಮೂರು ನಿಮಿಷ ಇದೆ ಮೇಡಂ" ಎಂದರು ಅಧ್ಯಕ್ಷರು.

"ಅಷ್ಟು ಬೇಡ" ಎಂದು ಆಕೆ ಕೋಟಿನ ಗುಂಡಿ ಬಿಚ್ಚಿದಳು. ಬಾಗಿಲಲ್ಲಿದ್ದ ಪೇದೆ ಒಂದು ಹೆಜ್ಜೆ ಮುಂದೆ ಬಂದ. "ಗಾಬರಿ ಬೀಳಬೇಡಪ್ಪ, ಕಾಗದ" ಎಂದು ಅವನಿಗೆ ಹೇಳಿ, ಆ ಕಂದು ಪಟ್ಟಿಯನ್ನು ತೆಗೆದು, ಒಂದು ತುದಿಯನ್ನು ಕಾಲ್ಬೆರಳ ಕೆಳಗೆ ಒತ್ತಿ, ಇನ್ನೊಂದನ್ನು ಮೈಯುದ್ದಕ್ಕೂ ಎಳೆದು ಹಿಡಿದಳು. ಹನ್ನೊಂದು ಗೆರೆಗಳು ಸರಿಯಾಗಿ ಬೆಲ್ಟಿನ ಅಕ್ಕಪಕ್ಕ ಬಂದು ನಿಂತವು. "ಇವು ನಮ್ಮ ಶಾಲೆಯ ಚಿಕ್ಕ ಮಕ್ಕಳ ಕಿವಿ. ನೆಲದಿಂದ ನಲವತ್ತು ಇಂಚು, ಒಂದಿಂಚು ಆಚೆ ಈಚೆ. ನೀವು ಗುಟ್ಟಾಗಿಡಬೇಕು ಅಂತಿರೋ ವಸ್ತು ಇರೋದೂ ಅಲ್ಲೇ."

ಒಬ್ಬ ಶಾಸಕ ನಗುತ್ತ ಕೇಳಿದ. "ನೀವು ಬಂದೂಕಿನ ವಿರೋಧಿಯಾ ಮೇಡಂ?"

"ನೀವು ಕಳೆದ ವರ್ಷ ಎಲ್ಕ್ ಹೊಡೆದ್ರಾ?"

"ಪರ್ಮಿಟ್ ಇತ್ತು, ಆದ್ರೆ... ಸಿಗಲಿಲ್ಲ."

"ನಮ್ಮನೇಗೆ ಬನ್ನಿ, ನಿಮಗೂ ಒಂದಷ್ಟು ಕಟ್ಟಿಕೊಡ್ತೀನಿ."

ಸಭೆ ನಕ್ಕಿತು; ಅವನೂ ನಕ್ಕ. ಇನ್ನೊಬ್ಬರು ಹುಬ್ಬು ಗಂಟಿಕ್ಕಿ, ಸೊಂಟವೇ ಏಕೆ, ಕಾಲಿಗೂ ಕಟ್ಟಿಕೊಳ್ಳಬಹುದಲ್ಲ ಎಂದರು.

"ಕಾಲಿಗಾ? ಶಿಶುವಿಹಾರದವರು ಅರ್ಧ ದಿನ ಇರೋದೇ ಮೇಜಿನ ಕೆಳಗೆ ಸ್ವಾಮಿ." ಈ ಬಾರಿ ನಗು ಅಡಗುವ ತನಕ ಆಕೆ ಕಾಯಲಿಲ್ಲ. "ಪ್ರತಿ ವರ್ಷ ಸೆಪ್ಟೆಂಬರಲ್ಲಿ ಇಂಥ ಚಿಕ್ಕ ಮಕ್ಕಳನ್ನ ಕೂರಿಸಿ ನಾವೊಂದು ಪಾಠ ಹೇಳ್ತೀವಿ. ದೊಡ್ಡವರ ಮೈಯಲ್ಲಿ ಏನಾದ್ರೂ ಕೈಗೆ ತಗಲಿ, ಇದನ್ನ ಯಾರಿಗೂ ಹೇಳಬೇಡ ಅಂದ್ರೆ, ಓಡಿಹೋಗಿ ಅಮ್ಮನಿಗೆ ಹೇಳು ಅಂತ. ಈಗ ನಿಮ್ಮ ಕಾನೂನು ಬಂದ ಮೇಲೆ ಆ ಮಕ್ಕಳಿಗೆ ಏನಂತ ಹೇಳಲಿ? ಅದು ಬೇರೆ ಗುಟ್ಟು, ಇದು ಬೇರೆ ಗುಟ್ಟು ಅಂತಲಾ? ಇಲ್ಲಾಂದ್ರೆ ಹತ್ತಿರಾನೇ ಬರಬೇಡ ಅಂತಲಾ? ನಮ್ಮೂರಲ್ಲಿ ಹತ್ತಿರ ಬರಬೇಡ ಅಂತ ಬರ್ಕೊಟ್ಟಿದ್ದಾರೆ. ಕಾವಲು ಬೇಕು, ನಿಜ. ಷರೀಫನ ಗಾಡಿ ಐವತ್ತೆರಡು ನಿಮಿಷ ದೂರ ಇದೆ, ನಿಜ. ಬಿಲ್ಲೆ ಹಾಕ್ಕೊಂಡು ಎಲ್ಲರಿಗೂ ಕಾಣೋ ಹಾಗೆ ಬಾಗಿಲಲ್ಲಿ ನಿಲ್ಲೋ ಒಬ್ಬನ್ನ ಕೊಡಿ. ಪಿಸ್ತೂಲು ಬಚ್ಚಿಟ್ಟುಕೊ ಅಂತ ಸೌಟು ಹಿಡಿಯೋಳನ್ನ ಕೇಳಬೇಡಿ."

ಕಾಗದದ ಪಟ್ಟಿಯನ್ನು ಸುರುಳಿ ಸುತ್ತುತ್ತ ಆಕೆ ಬಂದು ಕೂತಾಗ ಮೂರು ನಿಮಿಷಕ್ಕೆ ಇನ್ನೂ ಕೆಲವು ಕ್ಷಣ ಬಾಕಿಯಿದ್ದವು. ಮಸೂದೆ ಆರಕ್ಕೆ ಮೂರು ಮತಗಳಿಂದ ಮುಂದೆ ಹೋಯಿತು. ಹಿಂದಿರುಗುವ ದಾರಿಯಲ್ಲಿ ನೂರು ಮೈಲಿ ಕಳೆದ ಮೇಲೆ ಆಕೆ ಕಿಟಕಿಯಾಚೆಯ ಬಯಲು ನೋಡುತ್ತ, "ಮೂರು ಜನ ಅಂದ್ರೆ ಕಮ್ಮಿ ಏನಲ್ಲ ಕಣಯ್ಯ. ಬೆಳಿಗ್ಗೆ ಬರುವಾಗ ಒಬ್ಬನೂ ಇರಲಿಲ್ಲ" ಎಂದಳು.

ಗಡುವಿನ ಶುಕ್ರವಾರ ಬಂತು. ನಮ್ಮ ಕಡೆ ಚಳಿಗಾಲದ ಶುಕ್ರವಾರವೆಂದರೆ ಖಾರದ ಬೀನ್ಸ್ ಚಿಲಿ, ಜೊತೆಗೆ ದಾಲ್ಚಿನ್ನಿಯ ಸಿಹಿ ರೋಲ್. ಕಾನೂನು ಬರುವ ಮೊದಲೇ ರೂಢಿಯಾಗಲೆಂದು ಬೆಳಗಿನ ಸಭೆಯಲ್ಲಿ ಮಕ್ಕಳಿಗೆಲ್ಲ ಹೊಸ ನಿಯಮವನ್ನು ಹೇಳಲಾಗಿತ್ತು: ತಬ್ಬುವುದಿಲ್ಲ, ಅಂಗೈ ತಟ್ಟುವುದು. ಊಟದ ಹೊತ್ತಿಗೆ ಟ್ರಾಯ್ ಆ ಕಾಗದವನ್ನೂ ಪೆನ್ನನ್ನೂ ಹಿಡಿದು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದ. ಗೆಲ್ಲಲು ಬಂದವನ ನಿಲುವಲ್ಲ ಅದು. ಆಕೆ ಸಹಿ ಹಾಕಿಬಿಟ್ಟರೆ ಸಾಕಪ್ಪ ಎಂದು ಬೇಡುವವನ ನಿಲುವು.

ಟ್ಯಾಟಮ್ ತಟ್ಟೆಯಿಟ್ಟು ಬಂದಳು. ಅಭ್ಯಾಸದಿಂದ ಎರಡು ಹೆಜ್ಜೆ ಓಡಿ, ನೆನಪಾಗಿ ನಿಂತು, ಗಂಭೀರವಾಗಿ ಅಂಗೈಯನ್ನು ಮೇಲೆತ್ತಿದಳು. ಹಿಂದೆ ಹತ್ತು ಮಕ್ಕಳು ಹಾಗೆಯೇ ನಿಂತವು.

ಆರ್ಡಿಸ್ ಆ ಅಂಗೈಯನ್ನು ನೋಡಿದಳು. "ಏನೇ ಅದು, ಲಾರಿ ನಿಲ್ಲಿಸ್ತಿದೀಯಾ?"

"ತಬ್ಕೋಬಾರದಂತೆ. ಬೆಳಿಗ್ಗೆ ಹೇಳಿದ್ರು."

"ಯಾಕಂತೆ?"

"ಹೇಳಲಿಲ್ಲ. ಯಾರ ಹತ್ರಾನೋ ಏನೋ ಇರುತ್ತಂತೆ." ಹುಡುಗಿ ದನಿ ತಗ್ಗಿಸಿದಳು. "ನಿನ್ನ ಹತ್ರ ಇದೆಯಾ?"

ಊಟದ ಕೋಣೆಯ ಗದ್ದಲ ಆ ಮೂಲೆಯಿಂದ ತೊಡಗಿ ನಿಧಾನವಾಗಿ ಅಡಗಿತು. ಆರ್ಡಿಸ್ ಸೌಟನ್ನು ಕೆಳಗಿಟ್ಟಳು. ಬಡಿಸುವ ಹೊತ್ತಿನಲ್ಲಿ ಆಕೆ ಅದನ್ನು ಕೆಳಗಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ. ಏಪ್ರನ್ನಿನ ಗಂಟು ಬಿಚ್ಚಿ, ಅದನ್ನು ತೆಗೆದು, ತನ್ನ ಮುರಿದ ಸೊಂಟದ ಸುತ್ತ ಎರಡೂ ಅಂಗೈಗಳಿಂದ ಒತ್ತಿ ತೋರಿಸಿದಳು. "ಇಲ್ಲ. ನನ್ನ ಹತ್ರ ಏನೂ ಇಲ್ಲ. ಬೇಕಿದ್ರೆ ನೋಡ್ಕೊ ಬಾ."

"ಆರ್ಡಿಸ್" ಎಂದ ಟ್ರಾಯ್.

"ಬರ್ಕೊಳ್ಳಪ್ಪ. ಹೇಳಬಾರದ್ದು ಹೇಳಿದಳು, ಮಾಡಬಾರದ್ದು ಮಾಡಿದಳು ಅಂತ. ಹೆಸರು ಸರಿಯಾಗಿ ಬರಿ, ಟೋಲ್ಮನ್."

ಹನ್ನೊಂದು ಮಕ್ಕಳು ತಬ್ಬಿಕೊಂಡವು. ಆಮೇಲೆ, ಅಂಥದ್ದನ್ನೆಲ್ಲ ಬಿಟ್ಟು ವರ್ಷಗಳಾಗಿದ್ದ ದೊಡ್ಡ ಹುಡುಗರೂ ಸಾಲಿನಲ್ಲಿ ಬಂದು ನಿಂತರು. ಹದಿನೇಳು ವಯಸ್ಸಿನ, ಆಕೆಗಿಂತ ಎತ್ತರದ ಕುಸ್ತಿ ತಂಡದವರು, ನಾಚಿಕೆಯಿಂದ ಬಗ್ಗಿ. "ನಿಮ್ಮ ಬಾಯಿ ನೀವೇ ಒರೆಸ್ಕೊಂಡು ಬನ್ರೋ" ಎಂದು ಆಕೆ ಗದರುತ್ತಿದ್ದಳು. ನನ್ನ ತರಗತಿಯ ಹುಡುಗನೊಬ್ಬ ತಿರುಗಿ ನನ್ನನ್ನೂ ಕೇಳಿದ: "ಸಾರ್, ನಿಮ್ಮ ಹತ್ರ?" ಸಹಿ ಹಾಕಿದ ಕೈ ಜೇಬಿನಲ್ಲಿತ್ತು. "ಇಲ್ಲ" ಎಂದೆ. ಪಕ್ಕದಲ್ಲಿದ್ದ ಶಿಶುವಿಹಾರದ ಶಿಕ್ಷಕಿಯೂ "ನನ್ನ ಹತ್ರಾನೂ ಇಲ್ಲ" ಎಂದಳು. ಕಾಗದದ ಮೇಲಿನ ಗುಟ್ಟು ಆ ಊಟದ ಕೋಣೆಯಲ್ಲಿ ಹೀಗೆ ಒಂದೊಂದು 'ಇಲ್ಲ'ದಿಂದ ಸವೆದು, ಸುಮ್ಮನೆ ನೆಲ ನೋಡುತ್ತ ನಿಂತ ಇಬ್ಬರ ಮೇಲೆ ಬಂದು ನಿಂತಿತು. ಅವರಲ್ಲಿ ಟ್ರಾಯ್ ಒಬ್ಬ.

ಆರ್ಡಿಸಳಿಗೆ ಮೇ ತಿಂಗಳಲ್ಲಿ ಕೆಲಸದ ಪತ್ರ ಬರಲಿಲ್ಲ. ಮಂಡಳಿ ಮಾತಿಗೆ ತಪ್ಪಲಿಲ್ಲ, ಆಕೆಯೂ ತಪ್ಪಲಿಲ್ಲ. ಆದರೆ ತಬ್ಬಬಾರದೆಂಬ ಎರಡನೆಯ ಮಾತನ್ನು ಮಂಡಳಿ ಸದ್ದಿಲ್ಲದೆ ಆ ಕಾಗದದಿಂದ ತೆಗೆದುಹಾಕಿತು. ಎಪ್ಪತ್ತನಾಲ್ಕು ಮಕ್ಕಳ ಮುಂದೆ ಅದನ್ನು ನಡೆಸುವವರು ಯಾರೂ ಉಳಿದಿರಲಿಲ್ಲ. ಈಗಿನ ಅಡುಗೆಯವಳು ಆಕೆಯಷ್ಟು ಎತ್ತರದವಳಲ್ಲ, ಮಕ್ಕಳ ಮುಖ ಅವಳ ಪಕ್ಕೆಗೆ ಬರುತ್ತದೆ. ಹಾಗಾದರೂ ಬರುತ್ತದೆ.

ಇಂಥವರನ್ನು ಸಭೆಯ ನಡಾವಳಿಗಳಲ್ಲಿ ಹಠಮಾರಿಗಳೆಂದೇ ಬರೆಯುತ್ತಾರೆ. ಆಯುಧವನ್ನು ದೂರದಿಂದ ಕಂಡವರು ಅದಕ್ಕೆ ಹೆದರುತ್ತಾರೆ, ಇಲ್ಲವೇ ಅದನ್ನು ನಂಬುತ್ತಾರೆ. ಬಾಳಿನುದ್ದಕ್ಕೂ ಅದನ್ನು ಕೈಯಲ್ಲಿ ಹಿಡಿದವರು ಮಾತ್ರ ಎರಡನ್ನೂ ಮಾಡದೆ ಅದರ ಜಾಗ ಯಾವುದೆಂದು ತೋರಿಸಬಲ್ಲರು, ಮತ್ತು ಆ ಮಾತಿಗೆ ತಮ್ಮ ಜಾಗವನ್ನೇ ತೆತ್ತು ಹೋಗಬಲ್ಲರು. ಕೇಡು ಬಂದ ಗಳಿಗೆಯಲ್ಲಿ ಎದುರು ನಿಲ್ಲುವವರ ಧೈರ್ಯವನ್ನು ಲೋಕ ಕೊಂಡಾಡುತ್ತದೆ, ಅದು ಸರಿಯೇ. ಆದರೆ ಕೇಡು ಬಾರದ ಸಾವಿರಾರು ಸಾಧಾರಣ ಮಧ್ಯಾಹ್ನಗಳಿವೆಯಲ್ಲ, ಅವನ್ನು ಆ ಕೇಡಿನ ಭಯಕ್ಕೆ ಬಿಟ್ಟುಕೊಡುವುದಿಲ್ಲವೆಂದು ಅಡ್ಡ ನಿಲ್ಲುವವರ ಧೈರ್ಯಕ್ಕೆ ನಮ್ಮ ಭಾಷೆಗಳಲ್ಲಿ ಇನ್ನೂ ಹೆಸರಿಲ್ಲ.